ಒಲೆಕಟ್ಟೆಯ ಎತ್ತರ, ಮನೆಯ ಬೆಲೆ

ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡವರು ಕೀಲಿಕೈ ಸಿಕ್ಕ ಕೂಡಲೇ ಕೈ ಹಾಕುವ ಮೊದಲ ಕೆಲಸ ಅಡುಗೆಮನೆಯದು. ಬಿಲ್ಡರ್ ಬಿಟ್ಟುಹೋಗಿರುವುದು ಒಂದು ಗ್ರಾನೈಟ್ ಕಟ್ಟೆ, ಒಂದು ಸ್ಟೀಲ್ ಸಿಂಕು, ಕಟ್ಟೆಯ ಮೇಲೆ ಎರಡಡಿ ಟೈಲ್ಸು, ನಾಲ್ಕಾರು ಪ್ಲಗ್ ಪಾಯಿಂಟು. ಅಲ್ಲಿಂದ ಮುಂದಿನ ಖರ್ಚು ಎರಡು ಲಕ್ಷಕ್ಕೂ ಮುಗಿಯಬಹುದು, ಹತ್ತು ಲಕ್ಷವನ್ನೂ ದಾಟಬಹುದು. ಮಾಡ್ಯುಲರ್ ಕಿಚನ್ ಮಾರುವ ಮಳಿಗೆಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಇದನ್ನ ಖರ್ಚು ಅಂದ್ಕೋಬೇಡಿ ಸಾರ್, ನಾಳೆ ಮನೆ ಮಾರೋವಾಗ ವಾಪಸ್ ಬರುತ್ತೆ."

ಬರುತ್ತದೆಯೇ? ಸಾಲ ಮಾಡಿ ಮನೆ ಕೊಂಡವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನನಗೆ ಕಂಡ ಮಟ್ಟಿಗೆ, ಅಡುಗೆಮನೆಗೆ ಹಾಕಿದ ದುಡ್ಡಿನಲ್ಲಿ ಉಳಿಯುವ ಪಾಲೂ ಇದೆ, ಕರಗುವ ಪಾಲೂ ಇದೆ. ಕಪಾಟಿನ ಬಾಗಿಲ ಹೊಳಪಿಗೆ ಕೊಟ್ಟದ್ದು ಬೇಗ ಕರಗುತ್ತದೆ. ಕಟ್ಟೆಯ ಅಳತೆ, ನೀರಿನ ದಾರಿ, ಗಾಳಿಯ ದಾರಿ, ಗೋಡೆಯೊಳಗಿನ ವೈರು, ಸಿಂಕಿನ ಕೆಳಗಿನ ಮರ, ಇವುಗಳಿಗೆ ಕೊಟ್ಟದ್ದು ಬಹುಕಾಲ ನಿಲ್ಲುತ್ತದೆ. ವಿಷಾದವೆಂದರೆ ಮಳಿಗೆಯಲ್ಲಿ ನಡೆಯುವ ಮಾತುಕತೆಯಲ್ಲಿ ಬಹುಪಾಲು ಸಮಯ ಮೊದಲನೆಯದಕ್ಕೇ ಹೋಗುತ್ತದೆ.

ಮೊದಲು ಕಾಗದದ ಲೆಕ್ಕ ನೋಡೋಣ. ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರದೇಶವಾರು ನಿಗದಿ ಮಾಡುವ ಮಾರ್ಗಸೂಚಿ ದರದಲ್ಲಿ ಅಡುಗೆಮನೆಯ ಅಂದಚೆಂದಕ್ಕೆ ಜಾಗವಿಲ್ಲ. ಆಸ್ತಿ ಎಲ್ಲಿದೆ, ಎಷ್ಟು ಚದರಡಿ, ಎಂಥ ಕಟ್ಟಡ ಎಂಬುದಷ್ಟೇ ಅಲ್ಲಿ ಮುಖ್ಯ. ಬ್ಯಾಂಕಿನ ಕಡೆಯಿಂದ ಬರುವ ಮೌಲ್ಯಮಾಪಕರೂ ವಿಸ್ತೀರ್ಣ, ಕಟ್ಟಡದ ವಯಸ್ಸು, ದಾಖಲೆಪತ್ರಗಳ ಸುತ್ತಲೇ ಇರುತ್ತಾರೆ. ಐದು ಲಕ್ಷದ ಕಪಾಟು ನೋಡಿ ಸಾಲದ ಮೊತ್ತವನ್ನು ಐದು ಲಕ್ಷ ಏರಿಸುವವರು ಯಾರೂ ಇಲ್ಲ. ಅಡುಗೆಮನೆಯ ಬೆಲೆ ಗೊತ್ತಾಗುವುದು ಕೊಳ್ಳುವವರು ಮನೆ ನೋಡಲು ಬಂದಾಗ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ಅಳತೆಯ ಎರಡು ಫ್ಲ್ಯಾಟು ಮಾರಾಟಕ್ಕಿದ್ದರೆ, ಗಟ್ಟಿಮುಟ್ಟಾದ ಅಡುಗೆಮನೆ ಇರುವುದು ಮೊದಲು ಹೋಗುತ್ತದೆ, ಚೌಕಾಸಿಯೂ ಕಡಿಮೆ ನಡೆಯುತ್ತದೆ. ಕೊಳ್ಳುವವರು ಮನಸ್ಸಿನಲ್ಲೇ "ಇದನ್ನು ಕಿತ್ತು ಹಾಕಿಸಬೇಕು" ಎಂದುಕೊಂಡರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡುತ್ತಾರೆ.

ಆಸ್ತಿ ಯಾವ ಬಗೆಯದು ಎಂಬುದರ ಮೇಲೂ ಇದು ನಿಂತಿದೆ. ಬಸವನಗುಡಿ, ಜಯನಗರದಂಥ ಕಡೆ ಹಳೆಯ ಒಂಟಿ ಮನೆ ಕೊಳ್ಳುವವರು ಬಹಳ ಸಲ ಕೊಳ್ಳುವುದು ಸೈಟನ್ನೇ. ಮನೆ ಕೆಡವಿ ಹೊಸದು ಕಟ್ಟುವವರಿಗೆ ಒಳಗಿನ ಅಡುಗೆಮನೆ ಎಷ್ಟು ಚೆನ್ನಾಗಿದ್ದರೂ ಒಂದೇ. ಅಂಥ ಮನೆಗೆ ಮಾರುವ ಉದ್ದೇಶದಿಂದ ದೊಡ್ಡ ಮೊತ್ತ ಸುರಿಯುವುದು ವ್ಯರ್ಥ. ಫ್ಲ್ಯಾಟಿನಲ್ಲಿ ಕೆಡವುವ ಮಾತೇ ಇಲ್ಲ. ಕೊಂಡವರು ಮುಂದಿನ ತಿಂಗಳೇ ಹಾಲು ಉಕ್ಕಿಸಿ ಒಳಗೆ ಬರಬೇಕು. ಬಾಡಿಗೆಗೆ ಕೊಡುವ ಮನೆಯಲ್ಲಂತೂ ಕಪಾಟು, ಚಿಮಣಿ, ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್‌ಗೆ ನಲ್ಲಿ, ಇಷ್ಟಿದ್ದರೆ 'ಸೆಮಿ ಫರ್ನಿಶ್ಡ್' ಎಂಬ ಹೆಸರು ಬಂದು ಬಾಡಿಗೆಯೇ ಬೇರೆಯಾಗುತ್ತದೆ.

ಅಮೆರಿಕದಲ್ಲಿ ಇದಕ್ಕೊಂದು ವಾರ್ಷಿಕ ಲೆಕ್ಕವೇ ಇದೆ. 'ರೀಮಾಡೆಲಿಂಗ್' ಪತ್ರಿಕೆಯ ಹೆಸರಿನಲ್ಲಿ ಬರುವ 'ಕಾಸ್ಟ್ ವರ್ಸಸ್ ವ್ಯಾಲ್ಯೂ' ವರದಿ, ಮನೆಯ ಯಾವ ದುರಸ್ತಿಗೆ ಹಾಕಿದ ದುಡ್ಡು ಮಾರಾಟದಲ್ಲಿ ಎಷ್ಟು ಮರಳುತ್ತದೆಂದು ಅಂದಾಜು ಮಾಡುತ್ತದೆ. 2024ರ ವರದಿಯಂತೆ ಅಡುಗೆಮನೆಯ ಸಣ್ಣ ಪರಿಷ್ಕರಣೆಯಲ್ಲಿ ಸುಮಾರು ಶೇ 96ರಷ್ಟು ಮರಳುತ್ತದೆ. ಸಣ್ಣದು ಎಂದರೆ ಕಪಾಟಿನ ಗೂಡುಗಳನ್ನು ಹಾಗೇ ಉಳಿಸಿಕೊಂಡು ಬಾಗಿಲು, ಕಟ್ಟೆಯ ಹಾಸು, ಸಿಂಕು, ನಲ್ಲಿ, ಒಲೆ ಬದಲಿಸುವುದು. ಎಲ್ಲವನ್ನೂ ಕಿತ್ತು ದುಬಾರಿ ಸಾಮಗ್ರಿಯಲ್ಲಿ ಹೊಸದಾಗಿ ಕಟ್ಟಿಸಿದರೆ ಮರಳುವುದು ಸುಮಾರು ಶೇ 38 ಮಾತ್ರ. ಅಲ್ಲಿನ ಮನೆ ಬೇರೆ, ಮಾರುಕಟ್ಟೆ ಬೇರೆ. ಆ ಅಂಕಿಗಳನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ಆದರೂ ಎರಡರ ನಡುವಿನ ಅಂತರ ಗಮನಿಸಬೇಕಾದದ್ದು. ಎಲ್ಲೆ ಮೀರಿದ ಖರ್ಚಿಗೆ ಮುಂದಿನವರು ಬೆಲೆ ಕೊಡುವುದಿಲ್ಲ, ಅಚ್ಚುಕಟ್ಟಾದ ಖರ್ಚಿಗೆ ಕೊಡುತ್ತಾರೆ. ನಮ್ಮಲ್ಲೂ ಇದು ಸುಳ್ಳಲ್ಲ.

ಈಗ 'ನಮಗೆ ತಕ್ಕ ಹಾಗೆ ಮಾಡಿಸಿದ' ಎಂಬ ಮಾತಿಗೆ ಬರೋಣ. ವಿನ್ಯಾಸ ಮಾಡಿದ ಅಡುಗೆಮನೆಯ ಮಾತು ಬಂದರೆ ಎಲ್ಲರೂ ಹಿಂದಿರುಗಿ ನೋಡುವುದು 1926ರ ಫ್ರಾಂಕ್‌ಫರ್ಟ್ ಕಡೆಗೆ. ಮೊದಲ ಮಹಾಯುದ್ಧದ ನಂತರ ಆ ಜರ್ಮನ್ ನಗರದಲ್ಲಿ ವಸತಿಯ ಬರ. ಅರ್ನ್ಸ್ಟ್ ಮೇ ನೇತೃತ್ವದಲ್ಲಿ ನಗರಾಡಳಿತ ಕಟ್ಟಿಸುತ್ತಿದ್ದ ಮನೆಗಳಿಗೆ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ ಸುಮಾರು 3.4 ಮೀಟರ್. ರೈಲಿನ ಊಟದ ಬೋಗಿಯ ಇಕ್ಕಟ್ಟಾದ ಅಡುಗೆಮನೆಯನ್ನು ನೋಡಿ, ಹೆಂಗಸರು ಕೆಲಸ ಮಾಡುವಾಗ ಎಷ್ಟು ಹೆಜ್ಜೆ ಇಡುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ಮಾಡಿದ ಕೆಲಸ ಅದು. ಹಿಟ್ಟಿನ ಡಬ್ಬಿಗೆ ಹುಳು ಹಿಡಿಯದಿರಲೆಂದು ಓಕ್ ಮರ, ಧಾನ್ಯಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡ್ರಾಗಳು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ತಯಾರಾದವು. ಮುಂದೆ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಲೆ, ಸಿಂಕು, ಫ್ರಿಜ್ಜುಗಳ ನಡುವಿನ ತ್ರಿಕೋನದ ಲೆಕ್ಕ ಕೊಟ್ಟರು. ಮೂರೂ ಬದಿ ಕೂಡಿದರೆ 13 ಅಡಿಗಿಂತ ಕಡಿಮೆ ಇರಬಾರದು, 26 ಅಡಿ ಮೀರಬಾರದು. ಇಂದಿಗೂ ನಮ್ಮ ಮಳಿಗೆಗಳ ಕಂಪ್ಯೂಟರ್‌ನಲ್ಲಿ ಓಡುವುದು ಇದೇ ತ್ರಿಕೋನ.

ಲೆಕ್ಕ ತಪ್ಪೇನಲ್ಲ. ನಮ್ಮ ಅಡುಗೆ ಅದರೊಳಗೆ ಪೂರ್ತಿ ಕೂರುವುದಿಲ್ಲ ಎಂಬುದು ತೊಡಕು. ರಾಗಿಮುದ್ದೆಯನ್ನೇ ತೆಗೆದುಕೊಳ್ಳಿ. ಐದಡಿ ಎತ್ತರದ ಹೆಂಗಸಿನ ಮೊಣಕೈ ನೆಲದಿಂದ ಸುಮಾರು 38 ಇಂಚಿನಲ್ಲಿರುತ್ತದೆ. ಹೆಚ್ಚುವ, ಕಲಸುವ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು, ಅಂದರೆ 32ರಿಂದ 34 ಇಂಚು. ಪಾಶ್ಚಾತ್ಯ ಅಳತೆಯ ಸಿದ್ಧ ಕಪಾಟು 36 ಇಂಚಿಗೆ ಬರುತ್ತದೆ. ಅದರ ಮೇಲೆ ಐದಿಂಚಿನ ಗ್ಯಾಸ್ ಒಲೆ, ಒಲೆಯ ಮೇಲೆ ಏಳಿಂಚಿನ ಮುದ್ದೆ ಪಾತ್ರೆ. ಪಾತ್ರೆಯ ಬಾಯಿ 48 ಇಂಚಿಗೆ, ಹೆಚ್ಚುಕಡಿಮೆ ಭುಜದ ಮಟ್ಟಕ್ಕೆ ಏರಿತು. ಮುದ್ದೆ ಕೋಲಿನಿಂದ ತೊಳಸುವಾಗ ಬಲ ಬೀಳಬೇಕಾದದ್ದು ಮೇಲಿನಿಂದ ಕೆಳಕ್ಕೆ. ಹಳ್ಳಿಯಲ್ಲಿ ನೆಲದ ಒಲೆಯ ಮುಂದೆ ಕೂತು, ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು ತೊಳಸುತ್ತಿದ್ದವರಿಗೆ ಇಡೀ ಮೈಯ ಭಾರ ನೆರವಾಗುತ್ತಿತ್ತು. ಎತ್ತರದ ಕಟ್ಟೆಯ ಮುಂದೆ ಕೈಯೆತ್ತಿ ತೊಳಸಿದರೆ ಹೆಗಲು ಹಿಡಿಯುತ್ತದೆ, ಗಂಟು ಉಳಿಯುತ್ತದೆ, ಕೊನೆಗೆ ಆ ಮನೆಯಲ್ಲಿ ಮುದ್ದೆ ಮಾಡುವುದೇ ಅಪರೂಪವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಒಲೆ ಕೂರುವ ಮೂರಡಿ ಭಾಗವನ್ನು ಉಳಿದ ಕಟ್ಟೆಗಿಂತ ಐದಾರು ಇಂಚು ತಗ್ಗಿಸಿದರಾಯಿತು. ಕಲ್ಲು ಕೂರಿಸುವ ಮೊದಲು ಹೇಳಿದರೆ ಮೇಸ್ತ್ರಿಗೆ ಅದು ಹೆಚ್ಚಿನ ಕೆಲಸವೇ ಅಲ್ಲ. ಕೂರಿಸಿದ ಮೇಲೆ ಹೇಳಿದರೆ ಕಲ್ಲು ಒಡೆಯಬೇಕು. ಮುಂದೆ ಮನೆ ಕೊಳ್ಳುವವರಿಗೆ ತಗ್ಗು ಕಟ್ಟೆ ಹಿಡಿಸದಿದ್ದರೆ ಎಂಬ ಅಂಜಿಕೆಯಿದ್ದರೆ ಯುಟಿಲಿಟಿಯಲ್ಲಿ ತಗ್ಗಾದ ಎರಡನೇ ಒಲೆಕಟ್ಟೆ ಮಾಡಿಸಬಹುದು. ಮುದ್ದೆಗೂ ಆಯಿತು, ಹಬ್ಬದ ದಿನ ಕರಿಯುವುದಕ್ಕೂ ಆಯಿತು. ಇಂಥ ಎರಡನೇ ಒಲೆಯ ಜಾಗ ಕೊಳ್ಳುವವರ ಕಣ್ಣಿಗೆ ಬೇಗ ಬೀಳುತ್ತದೆ.

ಉತ್ತರ ಕರ್ನಾಟಕದ ಮನೆಯಾದರೆ ಜೋಳದ ರೊಟ್ಟಿ ತಟ್ಟಲು ತಗ್ಗಾದ, ಅಲುಗದ ಕಲ್ಲಿನ ಹಾಸು ಬೇಕು, ಅದೂ ಒಲೆಯ ಪಕ್ಕದಲ್ಲೇ. ತಟ್ಟಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆಯುವಂತಿಲ್ಲ. ಕರಾವಳಿ, ಮಲೆನಾಡಿನವರಿಗೆ ತೆಂಗಿನಕಾಯಿ ತುರಿಯುವ ಜಾಗ, ದಿನವೂ ಓಡುವ ಗ್ರೈಂಡರ್. ಹತ್ತು ಕೆಜಿ ಮೀರುವ ಗ್ರೈಂಡರನ್ನು ಕೆಳಗಿನ ಕಪಾಟಿನಲ್ಲಿ ಬಚ್ಚಿಟ್ಟು ದಿನವೂ ಎತ್ತಿಳಿಸುವ ವಿನ್ಯಾಸ ಚಿತ್ರದಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ, ಸೊಂಟ ಅದನ್ನು ಒಪ್ಪುವುದಿಲ್ಲ. ಅದಕ್ಕೆ ಕಟ್ಟೆಯ ಮೇಲೆ ಕಾಯಂ ಜಾಗ, ಪಕ್ಕದಲ್ಲಿ ಪ್ಲಗ್ಗು, ತೊಳೆಯಲು ಕೈಗೆಟುಕುವ ನಲ್ಲಿ ಬೇಕು. ಹಬ್ಬಕ್ಕಷ್ಟೇ ಇಳಿಯುವ ದೊಡ್ಡ ಪಾತ್ರೆಗಳಿಗೆ ಅಟ್ಟ, ತಿಂಗಳ ದಿನಸಿಗೆ ಗಾಳಿಯಾಡುವ ಉಗ್ರಾಣ, ಬೇಸಿಗೆಯ ಹಪ್ಪಳ ಸಂಡಿಗೆ ಡಬ್ಬಿಗಳಿಗೆ ಒಣ ಮೂಲೆ. ವಿನ್ಯಾಸಕಾರರು ಮೊದಲ ಭೇಟಿಯಲ್ಲಿ ಯಾವ ಬಣ್ಣ ಎಂದು ಕೇಳುವ ಬದಲು "ಬೆಳಿಗ್ಗೆ ತಿಂಡಿಗೆ ಏನು ಮಾಡ್ತೀರಮ್ಮಾ?" ಎಂದು ಕೇಳಿದರೆ ಅರ್ಧ ಕೆಲಸ ಆದಂತೆ.

ಜಾಗ ಕಡಿಮೆ ಎಂಬ ದೂರು ಇದ್ದೇ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಊಟದ ಜಾಗ ಬೇರೆ ಇರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರಡಿ ಇರಬೇಕು, ಅಗಲ 1.8 ಮೀಟರ್‌ಗಿಂತ ಕಡಿಮೆ ಇರಬಾರದು. ಫ್ರಾಂಕ್‌ಫರ್ಟಿನ ಅಡುಗೆಮನೆ ಇದಕ್ಕಿಂತ ತುಸುವೇ ದೊಡ್ಡದು. ಚಿಕ್ಕ ಜಾಗದಲ್ಲೇ ಅಳತೆಗೆ ಮಾಡಿಸಿದ್ದರ ಲಾಭ ಹೆಚ್ಚು, ಏಕೆಂದರೆ ಸಿದ್ಧ ಕಪಾಟುಗಳು ಮೂಲೆಯಲ್ಲಿ ಬಿಡುವ ಅರ್ಧ ಅಡಿ ಜಾಗವೂ ಅಲ್ಲಿ ದೊಡ್ಡದೇ.

ಇನ್ನು ಹೊಗೆ. ಅಡುಗೆಮನೆಯ ಸುಧಾರಣೆ ಎಂದರೆ ನಮ್ಮ ಹಿಂದಿನ ತಲೆಮಾರಿಗೆ ಮೊದಲ ಅರ್ಥ ಅದೇ ಆಗಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ 'ಅಸ್ತ್ರ ಒಲೆ', ಮೂರು ಪಾತ್ರೆ ಏಕಕಾಲಕ್ಕೆ ಬೇಯಿಸಿ ಹೊಗೆಯನ್ನು ಕೊಳವೆಯಲ್ಲಿ ಮನೆಯಿಂದಾಚೆ ಕಳಿಸುತ್ತಿತ್ತು, ಸೌದೆಯನ್ನೂ ಉಳಿಸುತ್ತಿತ್ತು. ರಾಜ್ಯದ ಎಷ್ಟೋ ಹಳ್ಳಿಗಳಿಗೆ ಹೋದ ಆ ಒಲೆ ಅಡುಗೆ ಮಾಡುವವರನ್ನು ಕಣ್ಣೆದುರಿಟ್ಟುಕೊಂಡು ಮಾಡಿದ ವಿನ್ಯಾಸ. ಲಕ್ಷಗಳ ಕಪಾಟಿಗಿಂತ ಅದನ್ನೇ ನಾನು ದೊಡ್ಡದೆನ್ನುತ್ತೇನೆ.

ಈಗಿನ ಫ್ಲ್ಯಾಟಿನಲ್ಲಿ ಸೌದೆ ಹೊಗೆ ಇಲ್ಲ, ಒಗ್ಗರಣೆಯ ಘಾಟು ಇದೆ. ಚಿಮಣಿಯ ಶಕ್ತಿಯನ್ನು ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆಂದು ಹೇಳಿ ಮಾರುತ್ತಾರೆ. ಅದರ ಕೊಳವೆಗೆ ಮೂರು ತಿರುವು ಕೊಟ್ಟು ಹತ್ತಡಿ ಎಳೆದರೆ ಆ ಅಂಕಿಗೆ ಅರ್ಥವಿಲ್ಲ. ಒಲೆಯನ್ನು ಹೊರಗೋಡೆಯ ಕಡೆಗಿಟ್ಟು ಕೊಳವೆ ನೇರ ಆಚೆ ಹೋಗುವಂತೆ ಮಾಡುವುದು ನಕ್ಷೆಯ ಹಂತದ ತೀರ್ಮಾನ. ಸಿಲಿಂಡರನ್ನು ಚೆಂದಕ್ಕೆಂದು ಮುಚ್ಚಿದ ಕಪಾಟಿನಲ್ಲಿ ಇಡುವವರಿಗೆ ಒಂದು ಮಾತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಮಡುಗಟ್ಟುತ್ತದೆ. ಆ ಕಪಾಟಿನ ತಳದಲ್ಲಿ ಗಾಳಿ ಹೋಗುವ ಕಿಂಡಿ ಇರಲೇಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಅಲ್ಲಿ ಕಿಂಡಿ ಮೇಲೆ ಬೇಕು.

ಹಳೆಯ ಫ್ಲ್ಯಾಟಿನ ಅಡುಗೆಮನೆ ನೋಡಲು ಹೋದವರು ಮೊದಲು ತೆರೆಯಬೇಕಾದದ್ದು ಸಿಂಕಿನ ಕೆಳಗಿನ ಬಾಗಿಲು. ಇಡೀ ಕೆಲಸದ ಹಣೆಬರಹ ಅಲ್ಲಿ ಗೊತ್ತಾಗುತ್ತದೆ. ಮರದ ಪುಡಿ, ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಹಾಕಿದ್ದರೆ, ಪೈಪಿನ ಜಾಯಿಂಟಿನಿಂದ ತೊಟ್ಟಿಕ್ಕಿದ ನೀರು ಅಂಚಿನ ಪಟ್ಟಿಯ ಸಂದಿಯಲ್ಲಿ ಇಳಿದು ಹಲಗೆ ಉಬ್ಬಿರುತ್ತದೆ. ಒಮ್ಮೆ ಉಬ್ಬಿದ ಹಲಗೆ ಒಣಗಿದರೂ ಮೊದಲಿನಂತಾಗುವುದಿಲ್ಲ. ಹಿಂಜಿನ ಸ್ಕ್ರೂ ಹಿಡಿತ ಬಿಡುತ್ತದೆ, ಬಾಗಿಲು ಜೋತು ಬೀಳುತ್ತದೆ, ಹಿಂಬದಿಯಲ್ಲಿ ಬೂಷ್ಟು, ಜಿರಳೆ. ಮೇಲೆ ಅಕ್ರಿಲಿಕ್ ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಲೇ ಇರುತ್ತದೆ. ಭಾರತೀಯ ಮಾನಕ ಐಎಸ್ 710ರ ಪ್ಲೈವುಡ್ಡು 72 ಗಂಟೆ ಕುದಿನೀರಿನ ಪರೀಕ್ಷೆ ತಡೆಯಬೇಕು; ಸಿಂಕಿನ ಗೂಡಿಗೆ, ಕೆಳಸಾಲಿಗೆ ಅದನ್ನೇ ಹಾಕಿಸುವುದು ಒಳ್ಳೆಯದು. ಮೇಲಿನ ಸಾಲಿಗೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಸಾಕು. ಕೊಟೇಶನ್ನಿನಲ್ಲಿ ಬರೀ 'ವಾಟರ್ ಪ್ರೂಫ್ ಪ್ಲೈ' ಎಂದಿದ್ದರೆ ಒಪ್ಪಬೇಡಿ, ಮಾನಕದ ಸಂಖ್ಯೆ ಬರೆಸಿಕೊಳ್ಳಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬುಟ್ಟಿ, ಚಾನೆಲ್‌ಗಳಿಗೆ 304 ದರ್ಜೆಯ ಸ್ಟೀಲು ಬೇಕೇಬೇಕು.

ನಮ್ಮ ಊರುಗಳ ಮೇಸ್ತ್ರಿಗಳ ಒಂದು ಪದ್ಧತಿಯನ್ನು ಇಲ್ಲಿ ಮನಸಾರೆ ಹೊಗಳಬೇಕು. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಹಲಗೆಗಳನ್ನು ನಿಲ್ಲಿಸಿ ಗೂಡು ಮಾಡಿ, ಅದಕ್ಕೆ ಮರದ ಬಾಗಿಲು ಮಾತ್ರ ಕೂರಿಸುವುದು. ಕಲ್ಲಿಗೆ ಗೆದ್ದಲಿಲ್ಲ, ಉಬ್ಬಿಲ್ಲ. ಹತ್ತು ಹದಿನೈದು ವರ್ಷಕ್ಕೆ ಬಾಗಿಲು ಹಳತಾದರೆ ಬಾಗಿಲಷ್ಟೇ ಬದಲಿಸಿದರೆ ಅಡುಗೆಮನೆ ಹೊಸದು. ಅಮೆರಿಕದ ವರದಿಯಲ್ಲಿ ಹೆಚ್ಚು ಮರಳಿ ಬರುವ ಅಡುಗೆಮನೆಯ ಖರ್ಚು ಯಾವುದೋ ಅದೇ ಇಲ್ಲಿ ತಾನಾಗಿ ಒದಗುತ್ತದೆ. ಡ್ರಾ ಕೂರಿಸಲು ಕಲ್ಲಿನ ಗೂಡು ಅಷ್ಟು ಅನುಕೂಲವಲ್ಲ ಎಂಬುದು ನಿಜ. ಒಲೆಯ ಎರಡು ಪಕ್ಕ ಡ್ರಾಗಳಿಗೆ ಪ್ಲೈವುಡ್ಡಿನ ಪೆಟ್ಟಿಗೆ, ಸಿಂಕು ಮತ್ತು ಮೂಲೆಗೆ ಕಲ್ಲು ಎಂದು ಹಂಚಿದರೆ ಖರ್ಚೂ ಇಳಿಯುತ್ತದೆ. ಕಟ್ಟೆಯ ಮೇಲೆ ಮಾತ್ರ ಕಡಪ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ನಿಂಬೆ, ಹುಣಸೆಯ ಹುಳಿಗೆ ಕಲೆ ಕೊರೆಯುತ್ತದೆ. ಗ್ರಾನೈಟ್ ಹುಳಿಗೂ ಬಿಸಿ ಪಾತ್ರೆಗೂ ಜಗ್ಗುವುದಿಲ್ಲ. ಈಚೆಗೆ ಎಲ್ಲರೂ ಕೇಳುವ ಬಿಳಿ ಕ್ವಾರ್ಟ್ಜ್ ಹಾಸಿನಲ್ಲಿ ರಾಳ ಬೆರೆತಿರುತ್ತದೆ. ಒಲೆಯಿಂದ ಇಳಿಸಿದ ಬಾಣಲೆ ನೇರ ಇಟ್ಟರೆ ಗುರುತು ಬೀಳುತ್ತದೆ, ಅರಿಸಿನ ಬೇಗ ಹಿಡಿಯುತ್ತದೆ. ಚಾಮರಾಜನಗರ, ಕನಕಪುರದ ಕಪ್ಪು ಶಿಲೆ, ಇಳಕಲ್ಲಿನ ಕೆಂಪು ಶಿಲೆ ನಮ್ಮ ಕಾಲಬುಡದಲ್ಲೇ ಸಿಗುವಾಗ ಬಿಳಿಗೆ ಯಾಕೆ ಇಷ್ಟು ಬೆಲೆ ಕೊಡಬೇಕೋ ನನಗೆ ಅರ್ಥವಾಗುವುದಿಲ್ಲ.

ವೈರಿನ ವಿಷಯ. ಇಂಡಕ್ಷನ್ ಒಲೆ 2000 ವ್ಯಾಟ್ ಎಂದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದರ ಜೊತೆ ಓವನ್ನು ಅದೇ ವೈರಿನಲ್ಲಿ ಓಡಿದರೆ ಬೋರ್ಡು ಬಿಸಿಯಾಗಿ ಎಂಸಿಬಿ ಬೀಳುತ್ತದೆ. ಮುಖ್ಯ ಬೋರ್ಡಿನಿಂದಲೇ ಅಡುಗೆಮನೆಗೆ ಪ್ರತ್ಯೇಕವಾಗಿ ಎರಡು ಮೂರು ಸಾಲು, 16 ಆಂಪಿಯರಿನ ಸಾಕಷ್ಟು ಪ್ಲಗ್ಗು ಎಳೆಸಿಟ್ಟರೆ ಡಿಶ್‌ವಾಷರ್ ಮುಂದೆ ಬಂದರೂ ಗೋಡೆ ಒಡೆಯಬೇಕಿಲ್ಲ. ಈ ಗೋಡೆ ಒಡೆಯುವ ಮಾತಿಗೆ ಈಗ ಹೊಸ ತೊಡಕು ಬಂದಿದೆ. ಎಷ್ಟೋ ಹೊಸ ಬಹುಮಹಡಿ ಕಟ್ಟಡಗಳಲ್ಲಿ ಗೋಡೆಯೂ ಕಾಂಕ್ರೀಟೇ. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ 'ಮಿವಾನ್' ಗೋಡೆ ಎನ್ನುತ್ತಾರೆ. ಅದು ಕಟ್ಟಡದ ಭಾರ ಹೊರುವ ಗೋಡೆ, ಕೊರೆಯುವಂತಿಲ್ಲ. ಸಿಂಕಿನ ಕೊಳೆನೀರಿನ ಪೈಪೂ ಮಹಡಿಯಿಂದ ಮಹಡಿಗೆ ಒಂದೇ ಸಾಲಿನಲ್ಲಿ ಇಳಿಯುವುದರಿಂದ ಅಡುಗೆಮನೆಯನ್ನು ಬೇರೆ ಕೋಣೆಗೆ ಸರಿಸುವ ಆಸೆ ಇಟ್ಟುಕೊಳ್ಳಬಾರದು. ಅಂಥ ಫ್ಲ್ಯಾಟು ಕೊಳ್ಳುವಾಗ ಬಿಲ್ಡರ್ ಕೊಟ್ಟ ಪಾಯಿಂಟುಗಳನ್ನು ಮುಂಗಡ ಕೊಡುವ ಮೊದಲೇ ಎಣಿಸಿ ನೋಡಬೇಕು.

ಓಪನ್ ಕಿಚನ್ನು ಫೋಟೊದಲ್ಲಿ ಚೆಂದ. ಒಣಮೆಣಸು, ಇಂಗು, ಮೀನು ಕರಿಯುವ ಮನೆಯಲ್ಲಿ ಸೋಫಾದ ಬಟ್ಟೆಗೂ ಆ ವಾಸನೆ ಹತ್ತುತ್ತದೆ. ಸರಿಯುವ ಗಾಜಿನ ಬಾಗಿಲು ಹಾಕಿದರೆ ಎರಡೂ ಉಳಿಯುತ್ತವೆ. ಒಲೆ ಆಗ್ನೇಯದಲ್ಲಿರಬೇಕು, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಬೇಕು ಎಂಬುದನ್ನು ನಂಬುವವರೂ ಇದ್ದಾರೆ, ನಂಬದವರೂ ಇದ್ದಾರೆ. ಮಾರುವ ದೃಷ್ಟಿಯಿಂದ ನೋಡಿದರೆ ನಂಬುವವರ ಸಂಖ್ಯೆ ದೊಡ್ಡದು, ಹಾಗಾಗಿ ಕಾರಣವಿಲ್ಲದೆ ಅದನ್ನು ಕೆಡಿಸಬಾರದು. ಕಡು ನೇರಳೆ, ಕಡುಗೆಂಪಿನ ಬಾಗಿಲುಗಳ ವಿಷಯದಲ್ಲೂ ಇಷ್ಟೇ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಮಳಿಗೆಯ ಮೇಜಿನ ಮುಂದೆ ಕೂತು ಬಣ್ಣ, ಬೆಲೆ ತೀರ್ಮಾನಿಸುವವರು ಎಷ್ಟೋ ಸಲ ಆ ಕಟ್ಟೆಯ ಮುಂದೆ ದಿನಕ್ಕೆ ನಾಲ್ಕು ಗಂಟೆ ನಿಲ್ಲುವವರಲ್ಲ. ಚೆಕ್ಕಿಗೆ ಸಹಿ ಹಾಕುವವರು ಎತ್ತರ ಹೇಳುತ್ತಾರೆ. ಅಮ್ಮನೋ ಅತ್ತೆಯೋ ಅಡುಗೆಗೆ ಬರುವ ಅಕ್ಕನೋ ಅದಕ್ಕೆ ತಮ್ಮ ಬೆನ್ನು ಹೊಂದಿಸಿಕೊಳ್ಳುತ್ತಾರೆ. ಅಡುಗೆ ಮಾಡುವವರನ್ನು ಬರಿಗಾಲಲ್ಲಿ ಹಳೆಯ ಕಟ್ಟೆಯ ಮುಂದೆ ನಿಲ್ಲಿಸಿ, ಒಂದು ಟೇಪು ಹಿಡಿದು ಮೊಣಕೈ ಎತ್ತರ, ಚಾಚಿದ ಕೈಯ ಎತ್ತರ ಅಳೆದುಕೊಳ್ಳಲು ಹತ್ತು ನಿಮಿಷ ಸಾಕು. ಮೇಲಿನ ಕಪಾಟಿನ ಎರಡನೇ ಅರೆ ಅವರ ಕೈಗೆಟುಕಬೇಕು. ವಯಸ್ಸಾದವರಿದ್ದರೆ ಕೆಳಗೆ ಬಾಗಿ ತಡಕಾಡುವ ಅರೆಗಳ ಬದಲು ಹೊರಗೆಳೆಯುವ ಡ್ರಾಗಳು, ಒಂದು ಕಡೆ ಸ್ಟೂಲು ಹಾಕಿ ಕೂತು ತರಕಾರಿ ಹೆಚ್ಚಲು ಮೊಣಕಾಲು ತೂರುವ ಖಾಲಿ ಜಾಗ. ಹೀಗೆ ಮಾಡಿಸಿದ್ದು ಮುಂದೆ ಕೊಳ್ಳುವವರಿಗೂ ಹೊಂದುತ್ತದೆ, ಯಾಕೆಂದರೆ ಅವರ ಮನೆಯ ಅಮ್ಮನ ಎತ್ತರವೂ ಬಹುತೇಕ ಇದೇ.

ಕೊನೆಗೆ ಬಿಲ್ಲಿನ ಮಾತು. ಮನೆ ಮಾರಿದಾಗ ಬರುವ ಬಂಡವಾಳ ಲಾಭದ ಲೆಕ್ಕದಲ್ಲಿ ಮನೆಯ ಸುಧಾರಣೆಗೆ ಮಾಡಿದ ವೆಚ್ಚವನ್ನು ಕಳೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಗೋಡೆ, ನೆಲಕ್ಕೆ ಕೂಡಿಕೊಂಡ ಕಾಯಂ ಕೆಲಸಕ್ಕೆ ಈ ವಾದ ಹೂಡಬಹುದು, ಫ್ರಿಜ್ಜು ಮೈಕ್ರೊವೇವ್‌ಗಳಿಗೆ ಆಗದು. ಬಡಗಿಗೆ ನಗದು ಕೊಟ್ಟು ಚೀಟಿಯೂ ಇಲ್ಲದಿದ್ದರೆ ಯಾವ ವಾದವೂ ಇಲ್ಲ. ಬಿಲ್ಲು, ಪ್ಲೈವುಡ್ಡಿನ ಮೇಲಿನ ಐಎಸ್‌ಐ ಗುರುತಿನ ಚಿತ್ರ, ಟೈಲ್ಸು ಹಾಕಿ ಗೋಡೆ ಮುಚ್ಚುವ ಮುನ್ನ ಪೈಪು ವೈರುಗಳ ಪಕ್ಕ ಟೇಪು ಹಿಡಿದು ತೆಗೆದ ನಾಲ್ಕಾರು ಫೋಟೊ, ಇವಿಷ್ಟನ್ನೂ ಒಂದು ಕವರಿನಲ್ಲಿ ಮನೆಪತ್ರದ ಜೊತೆ ಇಡಿ. ಮುಂದೆ ಬರುವ ಪ್ಲಂಬರ್ ಎಲ್ಲಿ ಕೊರೆಯಬಾರದೆಂದು ಅದರಲ್ಲಿ ನೋಡಿಕೊಳ್ಳುತ್ತಾನೆ. ಮನೆ ಕೊಳ್ಳಲು ಬಂದವರಿಗೂ, ಕಣ್ಣಿಗೆ ಕಾಣದ ಜಾಗದಲ್ಲಿ ಹಾಕಿದ ದುಡ್ಡು ಯಾವುದೆಂದು ತೋರಿಸಲು ಕೈಯಲ್ಲಿ ಆಧಾರವಿರುತ್ತದೆ.